ಹಳೆಯ ಮರದೊಳಗಿನ ಮೊಳೆ: ಗರಗಸ, ರಂದಾ ಬ್ಲೇಡುಗಳನ್ನು ಉಳಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಮಲೆನಾಡು ಮತ್ತು ಕರಾವಳಿಯ ಹಳೆಯ ಮನೆಗಳನ್ನು ಬಿಚ್ಚಿದಾಗ ದೊರೆಯುವ ತೇಗ, ಹೊನ್ನೆ, ಮತ್ತಿ, ಹಲಸಿನ ತೊಲೆ, ಜಂತೆ, ಕಂಬಗಳಿಗೆ ಈಗ ಒಳ್ಳೆಯ ಬೇಡಿಕೆಯಿದೆ. ಹತ್ತಾರು ವರ್ಷ ಸೂರಿನಡಿ ಒಣಗಿ ಪಳಗಿದ ಈ ಮರ ಹೊಸ ಮರದಷ್ಟು ಬಾಗುವುದಿಲ್ಲ, ಬಿರುಕು ಬಿಡುವುದೂ ಕಡಿಮೆ. ಅಂಥ ಅಗಲದ ಹಲಗೆಗಳು ಇಂದಿನ ತೋಪಿನ ಮರಗಳಲ್ಲಿ ಸಿಗುವುದು ಅಪರೂಪ. ಆದರೆ ಹಂಚು ಕೂರಿಸುವ ಅಡ್ಡಪಟ್ಟಿಯಾದ ರೀಪಿಗೆ ಹೊಡೆದ ಮೊಳೆ, ತೊಟ್ಟಿಲು ತೂಗಿದ ಕೊಂಡಿಯ ತುಂಡು, ವಿದ್ಯುತ್ ತಂತಿ ಎಳೆದವರು ಬಿಟ್ಟುಹೋದ ಸ್ಕ್ರೂ, ಕ್ಯಾಲೆಂಡರ್ ನೇತುಹಾಕಿದ ಸಣ್ಣ ಮೊಳೆ ಇವೆಲ್ಲವೂ ಆ ಮರದಲ್ಲೇ ಉಳಿದಿರುತ್ತವೆ. ತಲೆ ಮುರಿದೋ, ಬಣ್ಣದಡಿ ಮುಚ್ಚಿಹೋಗಿಯೋ, ಕಣ್ಣಿಗೆ ಬೀಳದ ಸ್ಥಿತಿಯಲ್ಲಿ.

10 ಇಂಚಿನ ಸರ್ಕ್ಯುಲರ್ ಸಾ ಬ್ಲೇಡು ನಿಮಿಷಕ್ಕೆ 4000 ಸುತ್ತು ತಿರುಗುವಾಗ ಅದರ ಹಲ್ಲಿನ ತುದಿ ಗಂಟೆಗೆ ಸುಮಾರು 190 ಕಿಲೋಮೀಟರ್ ವೇಗದಲ್ಲಿರುತ್ತದೆ. ಹಲ್ಲಿಗೆ ಬೆಸೆದಿರುವ ಟಂಗ್‌ಸ್ಟನ್ ಕಾರ್ಬೈಡ್ ತುಣುಕು ಮೊಳೆಯ ಉಕ್ಕಿಗಿಂತ ಎಷ್ಟೋ ಗಟ್ಟಿಯಾದರೂ ಪೆಡಸು. ಮೊಳೆಗೆ ಬಡಿದಾಗ ಅದು ಬಾಗುವುದಿಲ್ಲ, ಚೂರಾಗುತ್ತದೆ, ಕೆಲವೊಮ್ಮೆ ಬೆಸುಗೆಯಿಂದಲೇ ಕಿತ್ತು ಹಾರುತ್ತದೆ. ರಂದಾ ಮಷೀನಿನ ಹೈಸ್ಪೀಡ್ ಸ್ಟೀಲ್ ಬ್ಲೇಡು ಅಷ್ಟು ಸುಲಭವಾಗಿ ಮುರಿಯದು, ಆದರೆ ಅದರ ತೆಳುವಾದ ಅಂಚು ಮುಕ್ಕಾಗುತ್ತದೆ, ಮುಂದೆ ಅದರಡಿ ಸಾಗುವ ಪ್ರತಿ ಹಲಗೆಯ ಮೇಲೂ ಉದ್ದಕ್ಕೆ ಒಂದು ಏಣು ಏಳುತ್ತದೆ. ಉದ್ದನೆಯ ಉಕ್ಕಿನ ಪಟ್ಟಿಯೇ ಬ್ಲೇಡಾಗಿ ಸುತ್ತುವ ಬ್ಯಾಂಡ್ ಸಾದಲ್ಲಿ ಅಪಾಯ ಇನ್ನೂ ಹೆಚ್ಚು. 1987ರಲ್ಲಿ ಕ್ಯಾಲಿಫೋರ್ನಿಯಾದ ಕ್ಲೋವರ್‌ಡೇಲ್ ಎಂಬಲ್ಲಿನ ಸಾಮಿಲ್ಲಿನಲ್ಲಿ ದಿಮ್ಮಿಯೊಳಗಿದ್ದ ದೊಡ್ಡ ಮೊಳೆಗೆ ಬ್ಯಾಂಡ್ ಸಾ ಬಡಿದು, ಬ್ಲೇಡು ಹರಿದು, ಕೆಲಸಗಾರನೊಬ್ಬನ ಮುಖ ಮತ್ತು ದವಡೆಗೆ ಭೀಕರ ಗಾಯವಾಗಿತ್ತು. ಆದ್ದರಿಂದ ಇಲ್ಲಿ ಹೇಳುತ್ತಿರುವುದು ಬ್ಲೇಡಿನ ಹಣ ಉಳಿಸುವ ಉಪಾಯ ಮಾತ್ರವಲ್ಲ.

ಮುಂದಿನ ಎಲ್ಲ ಹಂತಗಳಿಗೂ ಆಧಾರವಾದ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೆಟಲ್ ಡಿಟೆಕ್ಟರ್ ಸದ್ದು ಮಾಡಲಿಲ್ಲವೆಂದರೆ ಮರದಲ್ಲಿ ಲೋಹವಿಲ್ಲ ಎಂದು ಅರ್ಥವಲ್ಲ. ಅದಕ್ಕೆ ಎಟಕುವಷ್ಟು ಆಳದಲ್ಲಿ, ಅದಕ್ಕೆ ತಿಳಿಯುವಷ್ಟು ದೊಡ್ಡ ಲೋಹವಿಲ್ಲ ಎಂದಷ್ಟೇ ಅರ್ಥ. ಹಲಗೆಯನ್ನು ಒಮ್ಮೆ ಪರೀಕ್ಷಿಸಿ ‘ಇದು ಶುದ್ಧ’ ಎಂದು ಪಕ್ಕಕ್ಕಿಡುವ ಪದ್ಧತಿಯೇ ಹೆಚ್ಚಿನ ಬ್ಲೇಡುಗಳನ್ನು ಹಾಳುಮಾಡುವುದು. ಶುದ್ಧವಾಗುವುದು ಮೇಲಿನ ಒಂದೆರಡು ಇಂಚು ಮಾತ್ರ. ಸೀಳಿದಾಗಲೆಲ್ಲ ಹೊಸ ಮೈ ತೆರೆದುಕೊಳ್ಳುತ್ತದೆ, ಹೊಸ ಮೈಗೆ ಹೊಸ ಪರೀಕ್ಷೆ ಬೇಕು.

ಮೊದಲ ಹಂತ: ಮರದ ಪೂರ್ವಾಪರ ವಿಚಾರಿಸುವುದು

ಮರವು ಮನೆಯ ಯಾವ ಭಾಗದಲ್ಲಿತ್ತು ಎಂಬುದು ತಿಳಿದರೆ ಮೊಳೆ ಎಲ್ಲಿರಬಹುದು ಎಂಬುದು ಅರ್ಧ ತಿಳಿದಂತೆಯೇ. ಸಾಧ್ಯವಾದರೆ ಮನೆ ಬಿಚ್ಚುವಾಗಲೇ ಹೋಗಿ ನೋಡಬೇಕು, ಪ್ರತಿ ಮರದ ತುದಿಯಲ್ಲಿ ‘ಪಕಾಸು’, ‘ಅಟ್ಟದ ಜಂತೆ’, ‘ದಾರಂದ’ ಎಂದು ಸೀಮೆಸುಣ್ಣದಲ್ಲಿ ಬರೆಯಿಸಿಕೊಳ್ಳಬೇಕು. ಗುಜರಿ ಅಂಗಡಿಯ ಅಂಗಳದಲ್ಲಿ ಎಲ್ಲವೂ ಒಂದೇ ರಾಶಿಗೆ ಬಿದ್ದ ಮೇಲೆ ಈ ಮಾಹಿತಿ ಮತ್ತೆ ಸಿಗುವುದಿಲ್ಲ.

ಮಂಗಳೂರು ಹಂಚಿನ ಮಾಡಿನ ಪಕಾಸುಗಳಲ್ಲಿ, ಅಂದರೆ ರೀಪುಗಳನ್ನು ಹೊರುವ ಇಳಿಜಾರು ಮರಗಳಲ್ಲಿ, ಮೊಳೆಗಳು ಲೆಕ್ಕಾಚಾರದಂತೆ ಇರುತ್ತವೆ. ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ಮಂಗಳೂರಿನಲ್ಲಿ 1865ರಲ್ಲಿ ಆರಂಭವಾದ ಮೇಲೆ ಹರಡಿದ ಈ ಹಂಚಿಗೆ ಒಂದೇ ಅಳತೆಯಿರುವುದರಿಂದ, ರೀಪುಗಳ ನಡುವಿನ ಅಂತರವೂ ಒಂದು ಅಡಿಗೆ ತುಸು ಹೆಚ್ಚು ಎಂದು ಬಹುಮಟ್ಟಿಗೆ ನಿಶ್ಚಿತ. ಪ್ರತಿ ರೀಪು ಪಕಾಸಿಗೆ ಸೇರುವಲ್ಲಿ ಒಂದು ಮೊಳೆ. ಸಾಲಾಗಿ ಮೂರು ಮೊಳೆ ಸಿಕ್ಕು, ನಾಲ್ಕನೆಯ ಜಾಗದಲ್ಲಿ ಏನೂ ಕಾಣದಿದ್ದರೆ, ಅಲ್ಲಿ ಮೊಳೆಯೇ ಇರಲಿಲ್ಲ ಎಂದು ತಿಳಿಯುವ ಬದಲು ತಲೆ ಮುರಿದ ಮೊಳೆ ಒಳಗಿದೆ ಎಂದು ತಿಳಿದು ಹುಡುಕುವುದು ಜಾಣತನ. ಇದಕ್ಕೂ ಹಿಂದಿನ ನಾಡಹಂಚಿನ ಮಾಡುಗಳಲ್ಲಿ ಪಟ್ಟಿಗಳು ಒತ್ತೊತ್ತಾಗಿರುತ್ತಿದ್ದವು, ಆದ್ದರಿಂದ ಅಂಥ ಪಕಾಸಿನಲ್ಲಿ ಮೊಳೆಗಳೂ ಹತ್ತಿರ ಹತ್ತಿರ.

ಬಾಗಿಲು ಮತ್ತು ದಾರಂದದಲ್ಲಿ ತಿರುಗುಣಿ, ಅಗುಳಿ, ಚಿಲಕಗಳ ಜಾಗ ನೋಡಬೇಕು. ಹಿತ್ತಾಳೆಯ ಗುಬ್ಬಿ (ಅಲಂಕಾರದ ಉಬ್ಬು ತಲೆಯ ಮೊಳೆ) ಹೊಡೆದ ಬಾಗಿಲಾದರೆ ಆ ಗುಬ್ಬಿಯ ಕಾಲು ಹಲಗೆಯನ್ನು ದಾಟಿ ಹಿಂದೆ ಮಡಚಿಕೊಂಡಿರುತ್ತದೆ. ಜಂತೆಗಳಲ್ಲಿ ಉಯ್ಯಾಲೆ, ತೊಟ್ಟಿಲು, ದೀಪದ ಕೊಂಡಿಗಳು. ಕಂಬಗಳಲ್ಲಿ, ಆಳೆತ್ತರದೊಳಗೆ, ಏನು ಬೇಕಾದರೂ ಇರಬಹುದು. ಹಳೆಯ ಆಚಾರಿಗಳು ಮುಖ್ಯ ಕೀಲುಗಳನ್ನು ಮರದ ಗೂಟದಿಂದಲೇ ಬಿಗಿಯುತ್ತಿದ್ದುದರಿಂದ ತೊಲೆಯ ಮೂಲ ಕೆಲಸದಲ್ಲಿ ಕಬ್ಬಿಣ ಕಡಿಮೆ. ತೊಂದರೆ ಕೊಡುವುದು ಹೆಚ್ಚಾಗಿ ಆಮೇಲಿನ ತಲೆಮಾರುಗಳ ರಿಪೇರಿ.

ಸರಕು ಪೇರಿಸಿ ಸಾಗಿಸುವ ಪ್ಯಾಲೆಟ್ಟಿನ ಮರದಲ್ಲಿ ತಿರುಚಿದ ಮೈಯ ಮೊಳೆಗಳು ಮತ್ತು ಸ್ಟೇಪಲ್ ಪಿನ್ನುಗಳಿರುತ್ತವೆ. ಇವುಗಳ ತಲೆ ಸುಲಭವಾಗಿ ಹರಿದು, ಮೈ ಒಳಗೇ ಉಳಿಯುತ್ತದೆ. ಹಳೆಯ ರೈಲ್ವೆ ಸ್ಲೀಪರ್ ಮರದಲ್ಲಿ ಮೊಳೆಗಿಂತ ಜಲ್ಲಿಯ ಚೂರುಗಳೇ ದೊಡ್ಡ ಪೀಡೆ, ತುದಿ ಸೀಳದಂತೆ ಹೊಡೆದ ಕಬ್ಬಿಣದ ಪಟ್ಟಿಯೂ ಇರಬಹುದು. ಅದಕ್ಕೆ ಕೊಳೆಯದಂತೆ ಕ್ರಿಯೋಸೋಟ್ ಎಂಬ ಟಾರಿನ ಎಣ್ಣೆ ಕುಡಿಸಿದ್ದರೆ ಅದರ ಹುಡಿ ಮೈಗೂ ಶ್ವಾಸಕ್ಕೂ ಕೆಟ್ಟದ್ದು. ಮನೆಯೊಳಗಿನ ಪೀಠೋಪಕರಣಕ್ಕೆ ಆ ಮರವನ್ನು ಬಳಸಬಾರದು ಎಂಬುದೇ ನನ್ನ ಖಚಿತ ಅಭಿಪ್ರಾಯ.

ಹಸಿ ದಿಮ್ಮಿಯ ವಿಚಾರ ಬೇರೆ

ಹಿತ್ತಲಿನ ಹಲಸು, ರಸ್ತೆ ಬದಿಯ ಮಾವು, ಬೇಲಿಸಾಲಿನ ತೇಗ ಅಥವಾ ಕಾಫಿ ತೋಟದ ಸಿಲ್ವರ್ ಓಕ್ ದಿಮ್ಮಿಯನ್ನು ಸೀಳಿಸುವವರು ಒಂದು ಸಂಗತಿಯನ್ನು ತಿಳಿದಿರಬೇಕು. ಮರ ಎತ್ತರಕ್ಕೆ ಬೆಳೆಯುವುದು ಕೊಂಬೆಯ ತುದಿಗಳಲ್ಲಿ ಮಾತ್ರ; ಕಾಂಡವು ಮೇಲಕ್ಕೆ ಏರುವುದಿಲ್ಲ, ದಪ್ಪವಾಗುತ್ತದೆ. ಆದ್ದರಿಂದ ನಾಲ್ಕು ಅಡಿ ಎತ್ತರದಲ್ಲಿ ಹೊಡೆದ ಮೊಳೆ ಐವತ್ತು ವರ್ಷ ಕಳೆದರೂ ನಾಲ್ಕು ಅಡಿಯಲ್ಲೇ ಇರುತ್ತದೆ, ಆದರೆ ಪ್ರತಿ ವರ್ಷದ ಹೊಸ ಪದರದಡಿ ಹೂತುಹೋಗುತ್ತ ಇರುತ್ತದೆ. ಎಷ್ಟು ಆಳ ಎಂಬುದನ್ನು ಲೆಕ್ಕ ಹಾಕಬಹುದು: ಮೊಳೆ ಹೊಡೆದ ನಂತರ ಕಾಂಡದ ಸುತ್ತಳತೆ 60 ಸೆಂಟಿಮೀಟರ್ ಹೆಚ್ಚಿದ್ದರೆ, ಮೊಳೆಯ ತಲೆ ಈಗ ಸುಮಾರು ಒಂಬತ್ತೂವರೆ ಸೆಂಟಿಮೀಟರ್ ಒಳಗಿರುತ್ತದೆ. ಕೈಯಲ್ಲಿ ಹಿಡಿಯುವ ಯಾವ ಸಾಮಾನ್ಯ ಡಿಟೆಕ್ಟರಿಗೂ ಅಷ್ಟು ಆಳದ ಸಣ್ಣ ಮೊಳೆ ಸಿಗುವುದಿಲ್ಲ.

ಹೀಗಾಗಿ ದಿಮ್ಮಿಯನ್ನು ಹೊರಗಿನಿಂದ ತಪಾಸಣೆ ಮಾಡಿ ನೆಮ್ಮದಿಯಾಗಿರಲು ಆಗದು; ಬೇರೆ ಕುರುಹುಗಳನ್ನು ಓದಬೇಕು. ತೊಗಟೆಯ ಮೇಲೆ ತುಟಿ ಮಡಚಿದಂತಿರುವ ಗಾಯ, ಕಾರಣವಿಲ್ಲದ ಉಬ್ಬು, ಕಾಂಡವನ್ನು ಅಡ್ಡಕ್ಕೆ ಸುತ್ತಿದ ತಗ್ಗು ಗೆರೆ ಕಂಡರೆ ಕಬ್ಬಿಣವನ್ನು ಊಹಿಸಬೇಕು. ಮುಳ್ಳುತಂತಿಯ ಬೇಲಿಯಲ್ಲಿ ನಾಲ್ಕೈದು ಸಾಲು ತಂತಿಯಿರುವುದರಿಂದ ಒಂದು ಗೆರೆ ಕಂಡರೆ ಅದರ ಮೇಲೂ ಕೆಳಗೂ ಇನ್ನಷ್ಟಿರುತ್ತವೆ. ಅದಕ್ಕಿಂತ ನಂಬಿಕೆಯ ಸಾಕ್ಷಿ ಕಡಿದ ತುದಿಯಲ್ಲಿದೆ: ಮರದ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಸೇರಿ ನೀಲಿಗಪ್ಪು ಕಲೆಯಾಗುತ್ತದೆ, ಈ ಕಲೆ ಮರದ ನಾರಿನ ಎಳೆಯ ಉದ್ದಕ್ಕೆ ಮೊಳೆಯಿಂದ ಬಹಳ ದೂರದವರೆಗೆ ಹರಿಯುತ್ತದೆ. ದಿಮ್ಮಿಯ ತುದಿಯಲ್ಲಿ ಅಂಥ ಕಪ್ಪು ಚುಕ್ಕೆ ಅಥವಾ ಗೆರೆ ಕಂಡರೆ ಅದೇ ಸಾಲಿನಲ್ಲಿ, ಕಾಂಡದ ಒಳಗೆಲ್ಲೋ ಕಬ್ಬಿಣವಿದೆ. ಬೇರುಬುಡದ ಕಡೆಯಲ್ಲಿ ಕಲ್ಲನ್ನು ಮರ ನುಂಗಿರುವುದೂ ಉಂಟು. ಅದಕ್ಕೆ ಡಿಟೆಕ್ಟರ್ ಯಾವ ಸುಳಿವನ್ನೂ ಕೊಡುವುದಿಲ್ಲ.

ಕೊಡಗಿನ ಕಡೆಯ ಮರವಾದರೆ ಇನ್ನೊಂದು ಸಾಧ್ಯತೆಯಿದೆ. ಕೈಲ್ ಮುಹೂರ್ತದ ಹಬ್ಬದಲ್ಲಿ ಎತ್ತರದ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಕೋವಿಯಿಂದ ಹೊಡೆಯುವ ಸಂಪ್ರದಾಯವಿರುವುದರಿಂದ ಅಂಥ ಮರಗಳಲ್ಲಿ ಸೀಸದ ಗುಂಡು ಸಿಗಬಹುದು. ಸೀಸವನ್ನು ಅಯಸ್ಕಾಂತ ಹಿಡಿಯದು, ಆದರೆ ಅದು ಬಹಳ ಮೆದುವಾದ ಲೋಹ. ಬ್ಲೇಡಿಗೆ ಅದರಿಂದ ಆಗುವ ಹಾನಿ ಅಲ್ಪ. ಯುರೋಪಿನಲ್ಲಿ ಮೊದಲ ಮಹಾಯುದ್ಧ ನಡೆದ ನೆಲದ ಓಕ್ ಮರಗಳಲ್ಲಿ ಸಿಗುವ ಫಿರಂಗಿ ಗುಂಡಿನ ಉಕ್ಕಿನ ಚೂರುಗಳು ಹಾಗಲ್ಲ. ಅಲ್ಲಿನ ಮಿಲ್ಲುಗಳಿಗೆ ಅವು ಇಂದಿಗೂ ತಲೆನೋವು.

ಆಳೆತ್ತರದವರೆಗಿನ ಬುಡದ ತುಂಡನ್ನೇ ಬೇರ್ಪಡಿಸಿ ಅದನ್ನು ಕೊನೆಗೆ, ಹಳೆಯ ಬ್ಲೇಡಿನಲ್ಲಿ ಸೀಳಿಸುವುದು ಒಳ್ಳೆಯ ದಾರಿ. ಜಾಹೀರಾತು ಫಲಕಗಳನ್ನು ಹೊತ್ತಿದ್ದ ರಸ್ತೆ ಬದಿಯ ಮರವಾದರೆ ಬುಡದ ಆರು ಅಡಿಯನ್ನು ಸೌದೆಗೆ ಬಿಡುವುದೇ ಲಾಭ. ಮಿಲ್ಲಿನವರಿಗೆ ಮರ ಎಲ್ಲಿಯದೆಂದು ಮುಚ್ಚಿಡದೆ ಹೇಳಬೇಕು. ಬ್ಲೇಡು ಕೆಟ್ಟರೆ ಯಾರು ಹಣ ಕೊಡಬೇಕು ಎಂಬುದನ್ನು ದಿಮ್ಮಿ ಗಾಡಿಯಿಂದ ಇಳಿಯುವ ಮೊದಲೇ ಮಾತಾಡಿಕೊಳ್ಳುವುದು ಇಬ್ಬರಿಗೂ ಕ್ಷೇಮ.

ಎರಡನೆಯ ಹಂತ: ಮಣ್ಣು, ಗಾರೆ, ಬಣ್ಣ ತೆಗೆಯುವುದು

ಗೋಡೆಯೊಳಗೆ ಹೂತಿದ್ದ ತೊಲೆಯ ತುದಿಗಳಲ್ಲಿ ಗಾರೆ, ಮರಳು ಎಳೆಯೊಳಗೇ ಇಳಿದಿರುತ್ತವೆ. ಅವನ್ನು ಶುಚಿಗೊಳಿಸಲು ಹೆಣಗುವುದಕ್ಕಿಂತ ಆ ಮೂರು ನಾಲ್ಕು ಇಂಚನ್ನು ಹಳೆಯ ಕೈಗರಗಸದಿಂದ ಕೊಯ್ದು ಎಸೆಯುವುದು ಮೇಲು. ಗೆದ್ದಲು ಕೊರೆದ ಕೊಳವೆಗಳಲ್ಲಿಯೂ ಮಣ್ಣು ತುಂಬಿರುತ್ತದೆ. ಉಳಿಯಿಂದ ಅದನ್ನು ತೆರೆದು, ತಟ್ಟಿ ಉದುರಿಸಬೇಕು. ಮರಳಿನ ಕಣ ಮೊಳೆಯಂತೆ ಒಂದೇ ಏಟಿಗೆ ಹಲ್ಲು ಮುರಿಯದಿದ್ದರೂ ಹೊಸದಾಗಿ ಮಸೆದ ರಂದಾ ಬ್ಲೇಡಿನ ಹರಿತವನ್ನು ಕೆಲವೇ ಅಡಿಗಳಲ್ಲಿ ತಿಂದುಹಾಕುತ್ತದೆ.

ಉಜ್ಜಲು ನೈಲಾನ್ ಅಥವಾ ಹಿತ್ತಾಳೆ ತಂತಿಯ ಬ್ರಷ್ ಬಳಸಿರಿ. ಉಕ್ಕಿನ ತಂತಿಯ ಬ್ರಷ್ಷಿನಿಂದ ಕೂದಲಿನಂಥ ಚೂರುಗಳು ಮುರಿದು ಮರದ ರಂಧ್ರಗಳಲ್ಲಿ ಕೂರುತ್ತವೆ, ಡಿಟೆಕ್ಟರ್ ಹಿಡಿದಾಗ ಸುಳ್ಳು ಸದ್ದು ಕೊಡುತ್ತವೆ, ತೇವ ತಾಗಿದರೆ ಕಪ್ಪು ಚುಕ್ಕೆಗಳಾಗಿ ಹರಡುತ್ತವೆ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯಿರುವುದರಿಂದ ಅದನ್ನು ಒಣದಾಗಿ ಸ್ಯಾಂಡರಿನಲ್ಲಿ ಉಜ್ಜಿ ಹುಡಿ ಎಬ್ಬಿಸಬಾರದು. ಒಳ್ಳೆಯ ಮಾಸ್ಕ್ ಹಾಕಿಕೊಂಡು, ತೇವ ಮಾಡಿ, ಕೆರೆದು ತೆಗೆಯಬೇಕು.

ಮೂರನೆಯ ಹಂತ: ಕಣ್ಣಿನಿಂದ ನೋಡುವುದು

ಮೇಲಿನಿಂದ ಬೀಳುವ ಬೆಳಕಿನಲ್ಲಿ ಮರ ಸಪಾಟಾಗಿ ಕಾಣುತ್ತದೆ. ಟಾರ್ಚನ್ನು ಹಲಗೆಯ ಮೈಗೆ ತಾಗಿಸುವಷ್ಟು ಓರೆಯಾಗಿ ಹಿಡಿದರೆ ಮೊಳೆಯ ತಲೆ, ತಗ್ಗು, ಮಡ್ಡಿ ತುಂಬಿ ಮುಚ್ಚಿದ ತೂತು ಎಲ್ಲವೂ ನೆರಳಿನಿಂದ ಎದ್ದು ಕಾಣುತ್ತವೆ. ಕಪ್ಪು ಕಲೆಯ ನಡುವಿನ ಚಿಕ್ಕ ಬಿಂದು ಮೊಳೆ ಮುರಿದ ಜಾಗವಾಗಿರುತ್ತದೆ. ತೇಗ, ಹೊನ್ನೆ, ಮತ್ತಿ, ಜಾಲಿಯಲ್ಲಿ ಈ ಕಲೆ ಚೆನ್ನಾಗಿ ಕಾಣುತ್ತದೆ. ಬೀಟೆಯಂಥ ಕಪ್ಪುಮರದಲ್ಲಿ ಇದನ್ನು ನಂಬಿ ಕೂರುವಂತಿಲ್ಲ. ಕಲೆಯಿಲ್ಲ ಎಂದ ಮಾತ್ರಕ್ಕೆ ಮೊಳೆಯಿಲ್ಲ ಎನ್ನಲೂ ಆಗದು, ಏಕೆಂದರೆ ತೇವವಿಲ್ಲದೆ ಕಲೆಯಾಗುವುದಿಲ್ಲ, ಅಟ್ಟದ ಒಣ ಜಂತೆಯಲ್ಲಿ ನೂರು ವರ್ಷದ ಮೊಳೆಯೂ ಕಲೆ ಬಿಡದೆ ಕುಳಿತಿರಬಹುದು. ಕಂಡ ಪ್ರತಿ ಗುರುತಿಗೂ ಬಣ್ಣದ ಸೀಮೆಸುಣ್ಣದಿಂದ ಸುತ್ತು ಹಾಕಬೇಕು. ಪೆನ್ಸಿಲ್ ಗೆರೆ ಹಳೆಯ ಮರದ ಮೇಲೆ ಮಾಯವಾಗುತ್ತದೆ.

ನಾಲ್ಕನೆಯ ಹಂತ: ಅಯಸ್ಕಾಂತ ಮತ್ತು ಡಿಟೆಕ್ಟರ್

ದಾರಕ್ಕೆ ಕಟ್ಟಿದ ನಿಯೋಡಿಮಿಯಂ ಅಯಸ್ಕಾಂತವನ್ನು ಹಲಗೆಯ ಮೇಲೆ ಕೂದಲೆಳೆಯಷ್ಟು ಎತ್ತರದಲ್ಲಿ ತೂಗುತ್ತ ಸಾಗಿದರೆ ಮೇಲ್ಪದರದ ಕಬ್ಬಿಣ ಅದನ್ನು ತನ್ನತ್ತ ಎಳೆಯುತ್ತದೆ. ಹಾಳಾದ ಸ್ಪೀಕರಿನ ಅಯಸ್ಕಾಂತವೂ ಸ್ವಲ್ಪ ಮಟ್ಟಿಗೆ ಈ ಕೆಲಸಕ್ಕೆ ಬರುತ್ತದೆ. ಹಿತ್ತಾಳೆ, ತಾಮ್ರ, ಅಲ್ಯುಮಿನಿಯಂ, ಸೀಸಕ್ಕೆ ಇದು ಕುರುಡು. ಆದರೆ ಡಿಟೆಕ್ಟರ್ ಸದ್ದು ಮಾಡಿದಲ್ಲಿ ಅಯಸ್ಕಾಂತ ಹಿಡಿದು ನೋಡಿದರೆ ಒಳಗಿರುವುದು ಕಬ್ಬಿಣವೇ ಹಿತ್ತಾಳೆಯೇ ಎಂಬ ಅಂದಾಜು ಸಿಗುತ್ತದೆ, ಅದು ಮುಂದೆ ಉಪಯೋಗಕ್ಕೆ ಬರುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಇಂಥ ಬಲವಾದ ಅಯಸ್ಕಾಂತದಿಂದ ದೂರವಿರಬೇಕು.

ಡಿಟೆಕ್ಟರಿನಲ್ಲಿ ಮುಖ್ಯವಾಗಿ ಎರಡು ಬಗೆ ನಮಗೆ ಬೇಕು. ಮಾಲ್ ಬಾಗಿಲಲ್ಲಿ ಕಾವಲುಗಾರರು ಹಿಡಿಯುವ ಉದ್ದನೆಯ ಪಟ್ಟಿಯಂಥದು ಒಂದೇ ಸಲಕ್ಕೆ ಅಗಲವಾದ ಜಾಗವನ್ನು ನೋಡುತ್ತದೆ, ಆದರೆ ಮೊಳೆ ಇಲ್ಲೇ ಇದೆ ಎಂದು ಬೆರಳಿಟ್ಟು ತೋರಿಸುವುದಿಲ್ಲ. ಟಾರ್ಚಿನ ಆಕಾರದ ಪಿನ್‌ಪಾಯಿಂಟರ್ ತನ್ನ ತುದಿಯ ಹತ್ತಿರದ ಲೋಹವನ್ನು ನಿಖರವಾಗಿ ತೋರಿಸುತ್ತದೆ, ಆದರೆ ಉದ್ದದ ತೊಲೆಯನ್ನು ಅದರಿಂದಲೇ ನೋಡಿ ಮುಗಿಸುವಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ. ಮೊದಲನೆಯದರಿಂದ ಹುಡುಕಿ, ಎರಡನೆಯದರಿಂದ ಗುರುತಿಸುವುದು ಸರಿಯಾದ ಕ್ರಮ. ಎರಡೂ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಗಳಲ್ಲಿ ಅಥವಾ ಆನ್‌ಲೈನಿನಲ್ಲಿ ಸಿಗುತ್ತವೆ. ಗೋಡೆಯೊಳಗಿನ ಮರದ ಚೌಕಟ್ಟು ಹುಡುಕಲು ಮಾರುವ ಸಾಧನಗಳಲ್ಲಿ ಹಲವು ಲೋಹವನ್ನಲ್ಲ, ಸಾಂದ್ರತೆಯ ವ್ಯತ್ಯಾಸವನ್ನು ನೋಡುತ್ತವೆ. ಅವನ್ನು ಕೊಂಡು ಮೋಸಹೋಗಬೇಡಿರಿ.

ಕೊಂಡ ದಿನವೇ ಮಾಡಬೇಕಾದ ಒಂದು ಕೆಲಸವನ್ನು ಬಹುಮಂದಿ ಮಾಡುವುದಿಲ್ಲ. ಒಂದು ಇಂಚಿನ ಸಾಮಾನ್ಯ ಮೊಳೆಯನ್ನು ಮರದ ಮೇಜಿನ ಮೇಲೆ ಮಲಗಿಸಿ, ಅದರ ಮೇಲೆ ಅರ್ಧ ಇಂಚಿನ ಹಲಗೆಯಿಟ್ಟು ಡಿಟೆಕ್ಟರ್ ಆಡಿಸಿರಿ. ಬಳಿಕ ಒಂದರ ಮೇಲೊಂದು ಹಲಗೆ ಪೇರಿಸುತ್ತ, ಯಾವ ದಪ್ಪಕ್ಕೆ ಸದ್ದು ನಿಲ್ಲುತ್ತದೆ ಎಂದು ನೋಡಿರಿ. ಆಮೇಲೆ ಅದೇ ಮೊಳೆಯನ್ನು ನೆಟ್ಟಗೆ, ತಲೆ ಮೇಲಾಗಿ ನಿಲ್ಲಿಸಿ ಅದೇ ಪರೀಕ್ಷೆಯನ್ನು ಮಾಡಿರಿ, ಏಕೆಂದರೆ ಮಲಗಿದ ಮೊಳೆಗೂ ನಿಂತ ಮೊಳೆಗೂ ಉಪಕರಣ ಒಂದೇ ರೀತಿ ಸ್ಪಂದಿಸುವುದಿಲ್ಲ. ಈ ಎರಡರಲ್ಲಿ ಕಡಿಮೆ ಬಂದ ಆಳವೇ ನಿಮ್ಮ ಉಪಕರಣದ ನಿಜವಾದ ಶಕ್ತಿ. ಡಬ್ಬಿಯ ಮೇಲೆ ಬರೆದಿರುವ ಅಂಕಿ ಸಾಮಾನ್ಯವಾಗಿ ದೊಡ್ಡ ನಾಣ್ಯ ಅಥವಾ ಪಿಸ್ತೂಲಿಗೆ ಸಂಬಂಧಿಸಿದ್ದು, ಮೊಳೆಗಲ್ಲ. ಬ್ಯಾಟರಿ ಇಳಿದಂತೆ ಈ ಆಳವೂ ಇಳಿಯಬಹುದಾದ್ದರಿಂದ ಕೆಲಸದ ಆರಂಭದಲ್ಲಿ ಪ್ರತಿದಿನ ಒಮ್ಮೆ ಅದೇ ಹಲಗೆ, ಅದೇ ಮೊಳೆಯಿಂದ ಪರಿಶೀಲಿಸಬೇಕು.

ತಪಾಸಣೆಯ ಜಾಗವೂ ಮುಖ್ಯ. ಕಬ್ಬಿಣದ ಮೇಜು, ಮೊಳೆ ಹೊಡೆದ ಕುದುರೆ (ಹಲಗೆ ಇಡುವ ಕಾಲುಮಣೆ), ಸರಳು ಹಾಕಿದ ಕಾಂಕ್ರೀಟ್ ನೆಲ, ಕೈಯ ಉಂಗುರ, ಗಡಿಯಾರ ಎಲ್ಲವೂ ಸದ್ದು ಮಾಡಿಸುತ್ತವೆ. ಗೂಟ ಮತ್ತು ಅಂಟಿನಿಂದ ಮಾಡಿದ, ನೆಲದಿಂದ ಎರಡೂವರೆ ಮೂರು ಅಡಿ ಎತ್ತರದ ಎರಡು ಮರದ ಕುದುರೆಗಳನ್ನು ಇದಕ್ಕೆಂದೇ ಮಾಡಿಟ್ಟುಕೊಳ್ಳುವುದು ಉತ್ತಮ. ಹತ್ತಿರದ ಮೋಟಾರುಗಳನ್ನು ನಿಲ್ಲಿಸಿರಬೇಕು.

ಇನ್ನು ಆಡಿಸುವ ಬಗೆ. ಗೋಡೆಗೆ ಸುಣ್ಣ ಬಳಿಯುವಾಗ ಒಂದು ಪಟ್ಟಿಯ ಮೇಲೆ ಇನ್ನೊಂದು ಪಟ್ಟಿ ಅರ್ಧ ಬೀಳುವಂತೆ ಬಳಿಯುತ್ತಾರಲ್ಲ, ಹಾಗೆಯೇ ಡಿಟೆಕ್ಟರಿನ ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧವನ್ನು ಮತ್ತೆ ಮುಚ್ಚಬೇಕು. ಒಂದು ಅಡಿ ಸಾಗಲು ಮೂರು ನಾಲ್ಕು ಸೆಕೆಂಡು ತೆಗೆದುಕೊಳ್ಳಿರಿ. ನಾಲ್ಕೂ ಮೈ, ಎರಡೂ ತುದಿ ನೋಡಿರಿ. ಸದ್ದು ಬಂದಲ್ಲಿ ಪಿನ್‌ಪಾಯಿಂಟರನ್ನು ಎಳೆಯ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಆಡಿಸಿ, ಸದ್ದು ಜೋರಾದ ಎರಡು ಗೆರೆಗಳು ಕೂಡುವಲ್ಲಿ ಅಡ್ಡಗುರುತು ಹಾಕಿರಿ. ಎದುರು ಮೈಯಿಂದಲೂ ಅದೇ ಜಾಗವನ್ನು ನೋಡಿದರೆ ಯಾವ ಕಡೆಗೆ ಹತ್ತಿರವೆಂದು ತಿಳಿಯುತ್ತದೆ. ನಿಮ್ಮ ಉಪಕರಣ ಒಂದು ಇಂಚು ನೋಡಬಲ್ಲದಾದರೆ, ನಾಲ್ಕು ಇಂಚು ದಪ್ಪದ ತೊಲೆಯನ್ನು ಎರಡೂ ಕಡೆಯಿಂದ ನೋಡಿದ ಮೇಲೂ ನಡುವಿನ ಎರಡು ಇಂಚು ನೋಡದೇ ಉಳಿದಿದೆ ಎಂಬುದನ್ನು ಮರೆಯಬಾರದು.

ಐದನೆಯ ಹಂತ: ಕೀಳುವುದು

ಮೊಳೆ ಕೀಳುವುದಕ್ಕೆ ಬಲಕ್ಕಿಂತ ಉಪಾಯ ಬೇಕು. ತಲೆ ಹರಿದ ಮೊಳೆ ಮೊದಲಿಗಿಂತ ದೊಡ್ಡ ಸಮಸ್ಯೆ. ತುದಿ ಹಿಂಬದಿಗೆ ಹೊರಬಂದಿದ್ದರೆ ಅದನ್ನು ನೆಟ್ಟಗೆ ಮಾಡಿ, ಮೊಂಡು ಪಂಚ್ (ಬಡಿಯುವ ಉಕ್ಕಿನ ಕಡ್ಡಿ) ಇಟ್ಟು ಹಿಂದಿನಿಂದ ಬಡಿದು ತಲೆಯನ್ನು ಮೇಲೆಬ್ಬಿಸಬೇಕು. ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಲಾಕ್ ಆಗುವ ಇಕ್ಕಳದಲ್ಲಿ ಬಿಗಿಯಾಗಿ ಹಿಡಿದು, ಎಳೆಯುವ ಮೊದಲು ಸ್ವಲ್ಪ ತಿರುಚಬೇಕು. ತುಕ್ಕಿನ ಹಿಡಿತ ಒಮ್ಮೆ ಬಿಟ್ಟರೆ ಉಳಿದದ್ದು ಸುಲಭ. ಅದಕ್ಕೂ ಜಗ್ಗದಿದ್ದರೆ ಬಿಸಿ ಸೋಲ್ಡರಿಂಗ್ ಕಬ್ಬಿಣವನ್ನು ತಲೆಯ ಮೇಲೆ ಒಂದೆರಡು ನಿಮಿಷ ಒತ್ತಿ, ತಣಿದ ಮೇಲೆ ಪ್ರಯತ್ನಿಸಬಹುದು. ಸ್ಕ್ರೂವಾದರೆ ಮೊದಲು ಕೂದಲಷ್ಟು ಬಿಗಿ ಮಾಡಿ ಆಮೇಲೆ ಸಡಿಲಿಸಿರಿ. ಮೀಟುವಾಗ ಹಾರೆ ಅಥವಾ ಮೊಳೆ ಕೀಳುವ ಸುತ್ತಿಗೆಯಡಿ ಒಂದು ಮರದ ತುಂಡಿಟ್ಟರೆ ಬಲವೂ ಹೆಚ್ಚು, ಹಲಗೆಯ ಮೈಗೆ ಗಾಯವೂ ಆಗದು. ಮೊಳೆಯನ್ನು ಬಂದ ದಿಕ್ಕಿನಲ್ಲೇ ಎಳೆಯಿರಿ. ಕಮ್ಮಾರರು ಬಡಿದು ಮಾಡಿದ ಚೌಕ ಮೈಯ ಹಳೆಯ ಮೊಳೆಯನ್ನು ಪಕ್ಕಕ್ಕೆ ಮೀಟಿದರೆ ಮರ ಸೀಳುತ್ತದೆ.

ತಲೆ ಇಲ್ಲದ, ಒಳಗೆ ಮುರಿದ ಮೊಳೆಗೆ ಟೊಳ್ಳು ಕೊಳವೆಯಂಥ ಕೊರೆಯುವ ಬಿಟ್ ಬೇಕು. ಅಂಗಡಿಯಲ್ಲಿ ಸಿಗದಿದ್ದರೆ ಮೊಳೆಗಿಂತ ತುಸು ಅಗಲದ ಗಟ್ಟಿ ಉಕ್ಕಿನ ಸಣ್ಣ ಕೊಳವೆಯ ಬಾಯಿಗೆ ಅರದಿಂದ ನಾಲ್ಕೈದು ಹಲ್ಲು ಕೊರೆದು ಡ್ರಿಲ್ಲಿಗೆ ಹಾಕಿಕೊಳ್ಳಬಹುದು. ಅದನ್ನು ನಿಧಾನವಾಗಿ ಮೊಳೆಯ ಸುತ್ತ ಇಳಿಸಿದರೆ ಮೊಳೆ ಒಂದು ಮರದ ಕಡ್ಡಿಯ ಸಮೇತ ಹೊರಬರುತ್ತದೆ. ಆ ತೂತಿಗೆ ಅದೇ ಜಾತಿಯ ಮರದಿಂದ, ಎಳೆಯ ದಿಕ್ಕು ಹೊಂದುವಂತೆ ಕತ್ತರಿಸಿದ ಬಿರಡೆಯನ್ನು ಅಂಟು ಹಾಕಿ ತುಂಬಬೇಕು. ಒಳ್ಳೆಯ ಉಳಿಯಿಂದ ಮೊಳೆಯ ಸುತ್ತ ಅಗೆಯಲು ಹೋಗಬೇಡಿರಿ. ಅದಕ್ಕೆಂದೇ ಒಂದು ಹಳೆಯ ಉಳಿಯನ್ನು ಬೇರೆಯಿಡಿ.

ಪಂಚಿನಿಂದ ಇನ್ನಷ್ಟು ಒಳಕ್ಕೆ ಬಡಿದು ಬಿಡುವ ಅಭ್ಯಾಸವನ್ನು ಹಲವರು ಸುಲಭ ದಾರಿಯೆಂದು ಹಿಡಿಯುತ್ತಾರೆ. ಆ ಹಲಗೆಯ ಅಂತಿಮ ದಪ್ಪ ಮತ್ತು ಅಗಲ ನಿಶ್ಚಯವಾಗಿ, ಯಾವ ಬ್ಲೇಡೂ ಆ ಆಳವನ್ನು ಮುಟ್ಟುವುದಿಲ್ಲ ಎಂದು ಅಳೆದು ಖಾತ್ರಿಯಾದ ಮೇಲೆ ಮಾತ್ರ ಇದನ್ನು ಒಪ್ಪಬಹುದು. ಕೀಳಲಾಗದ ಮೊಳೆಯಿರುವ ತುಂಡನ್ನು ಎರಡೂ ಕಡೆ ಎರಡೆರಡು ಇಂಚು ಬಿಟ್ಟು ಕತ್ತರಿಸಿ ತೆಗೆಯುವುದೇ ಸಾಮಾನ್ಯವಾಗಿ ಅಗ್ಗ. ಕಿತ್ತ ಮೊಳೆಗಳನ್ನು ನೆಲಕ್ಕೆ ಬಿಡದೆ ಡಬ್ಬಿಗೆ ಹಾಕಿ, ಪ್ರತಿ ಗುರುತಿಗೂ ಒಂದು ಮೊಳೆ ಬಂದಿದೆಯೇ ಎಂದು ತಾಳೆ ನೋಡಿ, ಆ ಜಾಗಕ್ಕೆ ಮತ್ತೊಮ್ಮೆ ಪಿನ್‌ಪಾಯಿಂಟರ್ ಹಿಡಿಯಿರಿ. ತುಕ್ಕು ಮೊಳೆ ಚುಚ್ಚಿದರೆ ಗಾಯ ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಕಡೆಯ ಧನುರ್ವಾಯು ಚುಚ್ಚುಮದ್ದು ಹಾಕಿಸಿ ಐದು ವರ್ಷ ಕಳೆದಿದ್ದರೆ ಮತ್ತೆ ಹಾಕಿಸಿಕೊಳ್ಳುವ ಅಗತ್ಯ ಬೀಳಬಹುದು.

ಆರನೆಯ ಹಂತ: ಯಾವ ಯಂತ್ರಕ್ಕೆ ಮೊದಲು

ಮರದ ಹೊರಮೈಗೆ ಮೊದಲು ತಾಗಬೇಕಾದದ್ದು ನಿಮ್ಮಲ್ಲಿರುವ ಅತ್ಯಂತ ಅಗ್ಗದ ಅಂಚು. ಹಳೆಯ ಕೈರಂದೆ ಅಥವಾ ಬ್ಲೇಡನ್ನು ತಿರುಗಿಸಿ ಹಾಕಬಹುದಾದ ಕೈಯ ವಿದ್ಯುತ್ ರಂದಾದಿಂದ ಮೇಲಿನ ಕೊಳೆ ಪದರವನ್ನು ತೆಗೆದರೆ ಮುಚ್ಚಿದ್ದ ಗುರುತುಗಳೂ ಬೆಳಕಿಗೆ ಬರುತ್ತವೆ. ಸೀಳುವುದಕ್ಕೆ ಮೊಳೆಮರಕ್ಕೆಂದೇ ಮಾರುವ, ಹಲ್ಲು ಕಡಿಮೆಯಿರುವ ಗಟ್ಟಿಮುಟ್ಟಾದ ಬ್ಲೇಡು, ಇಲ್ಲವೇ ಇನ್ನೊಮ್ಮೆ ಮಸೆದು ಬಿಸಾಡಬಹುದಾದ ಹಳೆಯ ಬ್ಲೇಡು. ನುಣುಪಾಗಿ ಕತ್ತರಿಸುವ 60, 80 ಹಲ್ಲಿನ ದುಬಾರಿ ಬ್ಲೇಡು ಕೊನೆಯ ಅಳತೆಗೆ ಮಾತ್ರ.

ಸೀಳಿದ ಕೂಡಲೇ ಹೊಸ ಮೈಯನ್ನು ಡಿಟೆಕ್ಟರಿನಿಂದ ನೋಡಬೇಕು. ಇದು ಬೇಸರದ ಕೆಲಸ, ಸಂಜೆಯ ಹೊತ್ತಿಗೆ ಎಲ್ಲರೂ ಬಿಡುವುದೂ ಇದನ್ನೇ. ಒಂದು ಉಪಾಯವೆಂದರೆ, ತಪಾಸಣೆಯಾದ ಮೈಗೆ ಮಾತ್ರ ಹಸಿರು ಸೀಮೆಸುಣ್ಣದ ಗೆರೆ ಎಳೆಯುವುದು, ಹಸಿರು ಕಾಣದ ಮೈಯನ್ನು ಯಂತ್ರಕ್ಕೆ ಕೊಡಬಾರದೆಂದು ಕಾರ್ಯಾಗಾರದ ಎಲ್ಲರಿಗೂ ಹೇಳಿಡುವುದು. ಆಗ ಬೆಳಿಗ್ಗೆ ನೋಡಿದ ಹಲಗೆ ಯಾವುದು, ನೋಡದ್ದು ಯಾವುದು ಎಂಬ ಗೊಂದಲವಿರದು.

ಹಲಗೆಯನ್ನು ಒಂದೇ ದಪ್ಪಕ್ಕೆ ತರುವ ರಂದಾ ಯಂತ್ರವಾದ ಥಿಕ್‌ನೆಸ್ ಪ್ಲೇನರಿಗೆ ಹೋಗುವ ಮೊದಲ ಬಾರಿ ಅರ್ಧ ಮಿಲಿಮೀಟರಿಗಿಂತ ಹೆಚ್ಚು ತೆಗೆಯಬೇಡಿರಿ. ಪ್ರತಿ ಸುತ್ತಿನ ನಡುವೆ ಓರೆ ಬೆಳಕಿನಲ್ಲಿ ಮೈ ನೋಡಿರಿ. ಹಳೆಯ ಮರವನ್ನೇ ಹೆಚ್ಚು ಬಳಸುವವರಿಗೆ ಸುರುಳಿ ಸಾಲಿನಲ್ಲಿ ಸಣ್ಣ ಚೌಕ ಕಾರ್ಬೈಡ್ ತುಣುಕುಗಳನ್ನು ಕೂರಿಸಿದ ತಲೆ (ಬ್ಲೇಡುಗಳನ್ನು ಹೊತ್ತು ತಿರುಗುವ ಉರುಳೆ) ಅನುಕೂಲ: ಒಂದು ತುಣುಕು ಮುಕ್ಕಾದರೆ ಅದೊಂದನ್ನೇ ತಿರುಗಿಸಿ, ಅದರ ನಾಲ್ಕು ಅಂಚುಗಳಲ್ಲಿ ಇನ್ನೊಂದನ್ನು ಮುಂದೆ ತರಬಹುದು. ಮೊದಲಿನ ಖರ್ಚು ಮಾತ್ರ ಸಣ್ಣದಲ್ಲ. ವರ್ಷಕ್ಕೊಮ್ಮೆ ಒಂದು ಬಾಗಿಲು ಮಾಡುವವರಿಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ. ಒಳಗೆ ಉಳಿದದ್ದು ಹಿತ್ತಾಳೆ ಅಥವಾ ಅಲ್ಯುಮಿನಿಯಂ ಎಂದು ಅಯಸ್ಕಾಂತದ ಪರೀಕ್ಷೆಯಿಂದ ತಿಳಿದಿದ್ದರೆ, ಕಾರ್ಬೈಡ್ ಹಲ್ಲಿನ ಗರಗಸ ಅದನ್ನು ಹೆಚ್ಚಾಗಿ ಹಾನಿಯಿಲ್ಲದೆ ದಾಟುತ್ತದೆ. ರಂದಾ ಬ್ಲೇಡಿಗೆ ಆ ರಿಯಾಯಿತಿಯಿಲ್ಲ.

ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷೆ, ಮೂಗಿಗೆ ಮಾಸ್ಕ್ ಇರಲೇಬೇಕು. ತಿರುಗುವ ಯಂತ್ರದ ಬಳಿ ಕೈಗವಸು ಬೇಡ. ಬ್ಲೇಡಿನ ನೇರಕ್ಕೆ ನಿಲ್ಲಬಾರದು. ಬ್ಯಾಂಡ್ ಸಾದ ಬ್ಲೇಡನ್ನು ಮುಚ್ಚುವ ಕಾಪನ್ನು ಮರಕ್ಕೆ ಎಷ್ಟು ಹತ್ತಿರ ಇಳಿಸಲು ಸಾಧ್ಯವೋ ಅಷ್ಟು ಇಳಿಸಿರಬೇಕು.

ಬಡಿದೇಬಿಟ್ಟರೆ

ಕಿಡಿ ಹಾರಿದರೆ, ‘ಟಣ್’ ಎಂಬ ಸದ್ದು ಬಂದರೆ ಅಥವಾ ಯಂತ್ರದ ಧ್ವನಿ ಒಮ್ಮೆಲೇ ಬದಲಾದರೆ, ತಕ್ಷಣ ಸ್ವಿಚ್ ಆರಿಸಬೇಕು. ಮರವನ್ನು ಹಿಂದಕ್ಕೆ ಎಳೆಯದೆ, ಕದಲಿಸದೆ ಹಿಡಿದು, ಬ್ಲೇಡು ಪೂರ್ತಿ ನಿಲ್ಲುವವರೆಗೆ ಕಾಯಬೇಕು. ಪ್ಲಗ್ ಕಿತ್ತ ಮೇಲೆಯೇ ಪರಿಶೀಲನೆ. ಕಾರ್ಬೈಡ್ ತುಣುಕು ಹಾರಿಹೋದ ಅಥವಾ ಹಲ್ಲಿನ ಬುಡದಲ್ಲಿ ಬಿರುಕು ಕಂಡ ಬ್ಲೇಡನ್ನು ಇನ್ನೊಂದು ಹಲಗೆಗೂ ಬಳಸಬಾರದು. ತುಣುಕು ಮಾತ್ರ ಹೋಗಿದ್ದರೆ ಮಸೆಯುವ ಅಂಗಡಿಯಲ್ಲಿ ಹೊಸದನ್ನು ಬೆಸೆಯಿಸಬಹುದು, ಬಿರುಕು ಬಿಟ್ಟ ತಟ್ಟೆಗೆ ದುರಸ್ತಿಯಿಲ್ಲ.

ಹುಡಿ ಹೀರುವ ಯಂತ್ರವಿದ್ದರೆ ಅದರ ಚೀಲವನ್ನು ಆಗಲೇ ಹೊರಗೆ ಒಯ್ದು ತಗಡಿನ ಡ್ರಮ್ಮಿಗೆ ಖಾಲಿ ಮಾಡಬೇಕು. ಕಿಡಿಯೊಂದು ನುಣ್ಣನೆಯ ಹುಡಿಯೊಳಗೆ ಗಂಟೆಗಟ್ಟಲೆ ಹೊಗೆಯಾಡದೆ ಕುಳಿತು, ಬಾಗಿಲು ಹಾಕಿಕೊಂಡು ಹೋದ ಮೇಲೆ ಹೊತ್ತಿಕೊಳ್ಳಬಹುದು. ಬ್ಲೇಡಿನ ಚಿಂತೆಯಲ್ಲಿ ಇದನ್ನು ಮರೆಯುವವರೇ ಹೆಚ್ಚು.

ರಂದಾ ಬ್ಲೇಡು ಒಂದು ಕಡೆ ಸಣ್ಣದಾಗಿ ಮುಕ್ಕಾಗಿದ್ದರೆ ಕೂಡಲೇ ಮಸೆಯಲು ಕಳಿಸಬೇಕಾಗಿಲ್ಲ. ಒಂದೇ ಮೊಳೆಗೆ ತಲೆಯಲ್ಲಿನ ಎರಡು ಅಥವಾ ಮೂರು ಬ್ಲೇಡುಗಳೂ ಒಂದೇ ನೇರದಲ್ಲಿ ಮುಕ್ಕಾಗಿರುವುದರಿಂದ ಹಲಗೆಯ ಮೇಲೆ ಏಣು ಏಳುತ್ತದೆ. ಒಂದು ಬ್ಲೇಡಿನ ಬಿಗಿ ಸಡಿಲಿಸಿ ಅದನ್ನು ಒಂದೆರಡು ಮಿಲಿಮೀಟರ್ ಪಕ್ಕಕ್ಕೆ ಸರಿಸಿದರೆ, ಮಿಕ್ಕ ಬ್ಲೇಡುಗಳು ಬಿಟ್ಟ ಏಣನ್ನು ಅದು ಕೆರೆದುಹಾಕುತ್ತದೆ. ಸರಿಸಿದ ಮೇಲೆ ಎತ್ತರವನ್ನು ಮತ್ತೆ ಹೊಂದಿಸಿ, ಎಲ್ಲ ಬೋಲ್ಟುಗಳನ್ನೂ ಬಿಗಿದು, ಕೈಯಿಂದ ಒಂದು ಸುತ್ತು ತಿರುಗಿಸಿ ಎಲ್ಲೂ ತಾಗುವುದಿಲ್ಲವೆಂದು ನೋಡಿಯೇ ಮೋಟಾರ್ ಹಾಕಬೇಕು. ಮುಕ್ಕು ದೊಡ್ಡದಾದರೆ ಮಸೆಯಿಸುವುದೇ ದಾರಿ. ಆಗ ಹಾಳಾದ ಒಂದನ್ನಷ್ಟೇ ಕೊಡದೆ ಆ ತಲೆಯ ಎಲ್ಲ ಬ್ಲೇಡುಗಳನ್ನೂ ಒಟ್ಟಿಗೆ ಕೊಟ್ಟು, ಅಗಲವೂ ತೂಕವೂ ಸಮವಾಗಿ ಉಳಿಯುವಂತೆ ಮಸೆಯಿಸಬೇಕು, ಏಕೆಂದರೆ ಒಂದು ಬ್ಲೇಡು ಹಗುರವಾದರೆ ತಲೆ ಅದುರಿ ಬೇರಿಂಗ್ ಸವೆಯುತ್ತದೆ.